ಲ್ಯಾಪ್‌ಟಾಪ್ ತಿರುಗಿಸಿ ರೂಮು ತೋರಿಸಿ ಅಂದರು

ಮಂಗಳವಾರ ಸಂಜೆಯ ಇಂಟರ್‌ವ್ಯೂ ಇದು. ವಾರ ಮುಗಿಯುತ್ತಾ ಬಂತು, ಇನ್ನೂ ತಲೆಯಿಂದ ಹೋಗುತ್ತಿಲ್ಲ.

ಪುಣೆಯ ಹಿಂಜೆವಾಡಿಯ ಒಂದು ಕಂಪನಿ, ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಬ್ಯಾಕೆಂಡ್ ಕೆಲಸ, ಟೆಕ್ನಿಕಲ್ ರೌಂಡ್. ವಾಕಡ್‌ನಲ್ಲಿ ನಮ್ಮದು ಒಂದೇ ಬೆಡ್‌ರೂಮಿನ ಮನೆ. ಪಕ್ಕದ ಕಟ್ಟಡದ ಡ್ರಿಲ್ಲಿಂಗ್ ಸದ್ದಿಗೆ ಹಾಲ್‌ನಲ್ಲಿ ಕೂರುವ ಹಾಗಿರಲಿಲ್ಲ, ಬೆಡ್‌ರೂಮಿನಲ್ಲೇ ಕೂತಿದ್ದೆ. ಧಾರವಾಡದಿಂದ ಬಂದಿದ್ದ ಅವ್ವ ಎದುರಿಗೆ ಮಂಚದ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ಕೆಮ್ಮು ಬಂದರೂ ಬಾಯಿಗೆ ಸೆರಗು ಒತ್ತಿ ಹಿಡಿಯುತ್ತಿದ್ದಳು, ಮಗಳ ಇಂಟರ್‌ವ್ಯೂಗೆ ತೊಂದರೆ ಆಗಬಾರದು ಅಂತ.

ಇಂಟರ್‌ವ್ಯೂ ಮಾಡುತ್ತಿದ್ದವರ ಕ್ಯಾಮೆರಾ ಆಫ್. ಸ್ಕ್ರೀನ್ ಮೇಲೆ ಅವರ ಹೆಸರಿನ ಮೊದಲ ಅಕ್ಷರ, ಅಷ್ಟೇ. ನನ್ನದು ಮಾತ್ರ ಪೂರ್ತಿ ಹೊತ್ತು ಆನ್ ಇರಬೇಕು ಅಂತ ಮೇಲ್‌ನಲ್ಲೇ ಬರೆದಿದ್ದರು.

ಪ್ರಶ್ನೆ ಕಷ್ಟದ್ದೇನಲ್ಲ. ಏರಿಕೆ ಕ್ರಮದಲ್ಲಿದ್ದ ಅರೇಯನ್ನು, ಅಂದರೆ ಸಂಖ್ಯೆಗಳ ಸಾಲನ್ನು, ಎಲ್ಲೋ ನಡುವೆ ತಿರುಗಿಸಿಟ್ಟಿದ್ದಾರೆ, ಅದರಲ್ಲಿ ಒಂದು ಸಂಖ್ಯೆ ಹುಡುಕಬೇಕು. ಬೈನರಿ ಸರ್ಚ್, ಪ್ರತಿ ಸಲ ಮಧ್ಯದಲ್ಲಿ ನೋಡಿ ಅರ್ಧ ಭಾಗ ಬಿಡುತ್ತಾ ಹುಡುಕುವ ವಿಧಾನ. ಬರೆದೆ. ಮಧ್ಯದ ಜಾಗ ಲೆಕ್ಕ ಹಾಕುವಾಗ ನಾನು ಲೋ (ಹುಡುಕುವ ಭಾಗದ ಮೊದಲ ಜಾಗ), ಹೈ (ಕೊನೆಯ ಜಾಗ) ಎರಡನ್ನೂ ಕೂಡಿಸಿ ಅರ್ಧ ಮಾಡಲಿಲ್ಲ. ಹೈನಿಂದ ಲೋ ಕಳೆದು, ಉಳಿದದ್ದರ ಅರ್ಧವನ್ನು ಲೋಗೆ ಸೇರಿಸಿದೆ. ‘ಯಾಕೆ ಹಾಗೆ?’ ಅಂದರು.

ನನಗೆ ಖುಷಿಯಾಯಿತು. ನನಗೆ ಬಹಳ ಇಷ್ಟದ ವಿಷಯ ಅದು. ಜಾವಾದಲ್ಲಿ ಸಂಖ್ಯೆ ಇಡುವ ಇಂಟ್ 214 ಕೋಟಿ ಚಿಲ್ಲರೆವರೆಗೆ ಮಾತ್ರ ಹಿಡಿಯುತ್ತದೆ. ಅರೇ ತೀರಾ ದೊಡ್ಡದಾದರೆ, ಅಂದರೆ ಅದರಲ್ಲಿ 107 ಕೋಟಿಗಿಂತ ಜಾಸ್ತಿ ಸಂಖ್ಯೆಗಳಿದ್ದರೆ, ಲೋ ಮತ್ತು ಹೈ ಕೂಡಿಸಿದ ಮೊತ್ತ ಆ ಮಿತಿ ದಾಟಿ ಮೈನಸ್ ಆಗಬಹುದು, ಪ್ರೋಗ್ರಾಂ ಬಿದ್ದುಹೋಗುತ್ತದೆ. ಜಾವಾದ ಸ್ವಂತ ಲೈಬ್ರರಿಯಲ್ಲೇ ಈ ತಪ್ಪು ಸುಮಾರು ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಇತ್ತು. ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಮುಚ್ಚಿಡದೆ ಎಲ್ಲರಿಗೂ ತಿಳಿಸಿದರು. ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

ಆ ಕಡೆ ಒಂದಷ್ಟು ಹೊತ್ತು ಮಾತಿಲ್ಲ.

‘ರೂಮಿನಲ್ಲಿ ಇನ್ಯಾರಿದ್ದಾರೆ?’

‘ನಮ್ಮ ತಾಯಿ ಇದ್ದಾರೆ.’

‘ಲ್ಯಾಪ್‌ಟಾಪ್ ತಿರುಗಿಸಿ ರೂಮು ತೋರಿಸಿ.’

ತಿರುಗಿಸಿದೆ. ಕಪಾಟು, ಕಿಟಕಿ, ಮಂಚ. ಕ್ಯಾಮೆರಾ ತನ್ನ ಕಡೆ ಬಂದದ್ದು ನೋಡಿ ಅವ್ವ ಗಡಿಬಿಡಿಯಿಂದ ತಲೆ ಮೇಲೆ ಸೆರಗು ಎಳೆದುಕೊಂಡಳು. ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ನಮಸ್ಕಾರ ಮಾಡಿದಳು. ಮುಖವೇ ಕಾಣದ ಮನುಷ್ಯನಿಗೆ. ಆತ ತಿರುಗಿ ನಮಸ್ಕಾರ ಅನ್ನಲಿಲ್ಲ. ‘ಓಕೆ. ಈಗ ಕಣ್ಣು ಮುಚ್ಚಿ, ಅದೇ ಉತ್ತರ ಇನ್ನೊಮ್ಮೆ ಹೇಳಿ’ ಅಂದರು.

ಕಣ್ಣು ಮುಚ್ಚಿ ಇನ್ನೊಮ್ಮೆ ಹೇಳಿದೆ. 214 ಕೋಟಿ, ಮೈನಸ್, ಒಂಬತ್ತು ವರ್ಷ, ಎಲ್ಲ.

ಕಾಲ್ ಮುಗಿದ ಮೇಲೆ ಅವ್ವ ಕೇಳಿದ್ದು ಒಂದೇ ಮಾತು. ‘ಅವ್ರು ಏನ್ ಹುಡುಕಾಕತ್ತಿದ್ರ ಯವ್ವಾ, ನಮ್ಮ ಮನ್ಯಾಗ?’

ಏನು ಹೇಳಲಿ? ಮಗಳು ಕಾಪಿ ಹೊಡೆಯುತ್ತಿದ್ದಾಳೆ ಅಂತ ಅನುಮಾನ ಬಂದಿತ್ತು ಅಂತಲೇ? ಚೆನ್ನಾಗಿ ಉತ್ತರ ಹೇಳಿದ್ದಕ್ಕೇ ಆ ಅನುಮಾನ ಬಂತು ಅಂತಲೇ?

ಅನುಮಾನಕ್ಕೆ ಕಾರಣವೇ ಇಲ್ಲ ಅಂತ ನಾನು ಹೇಳುವುದಿಲ್ಲ. ನಮ್ಮ ಆಫೀಸಿನಲ್ಲಿ ನಾನೂ ಪ್ಯಾನೆಲ್‌ನಲ್ಲಿ ಕೂರುತ್ತೇನೆ. ತುಟಿ ಒಂದು ಥರ ಆಡುತ್ತಿದೆ, ಮಾತು ಬೇರೆ ಥರ ಬರುತ್ತಿದೆ, ಅಂಥವರನ್ನು ನೋಡಿದ್ದೇನೆ. ಪ್ರಶ್ನೆ ಕೇಳಿದ ಕೂಡಲೇ ‘ಹ್ಮ್’ ಅಂತ ಹೊತ್ತು ಕಳೆದು, ಪಕ್ಕದ ಸ್ಕ್ರೀನಿನಲ್ಲಿ ಚಾಟ್‌ಜಿಪಿಟಿ ಕೊಟ್ಟ ಉತ್ತರವನ್ನು ಗಡಗಡ ಓದುವವರನ್ನೂ ನೋಡಿದ್ದೇನೆ. ಪ್ರಾಮಾಣಿಕವಾಗಿ ಓದಿ ಬಂದವರ ಹೊಟ್ಟೆ ಮೇಲೆ ಹೊಡೆಯುವವರು ಇವರು, ನನಗೆ ಅವರ ಮೇಲೆ ಕೆಟ್ಟ ಸಿಟ್ಟಿದೆ. ಖರಾಡಿಯಲ್ಲಿ ಕೆಲಸ ಮಾಡುವ ಬಾಗಲಕೋಟೆಯ ಗೆಳತಿಗೆ ಹೇಳಿದರೆ, ‘ನನಗ ಮುಖದ ಮುಂದ ಕೈ ಆಡಸು ಅಂದಿದ್ರು, ಮುಖ ಖರೇದೋ ಅಲ್ಲೋ ನೋಡಾಕ. ಈಗ ಎಲ್ಲಾ ಕಡೆ ಹಿಂಗ, ಮನಸಿಗೆ ಹಚ್ಕೋಬ್ಯಾಡ’ ಅಂದಳು. ಅವಳು ಗಟ್ಟಿ ಹುಡುಗಿ. ನನಗೆ ಹಾಗೆ ಬಿಟ್ಟುಬಿಡೋಕೆ ಆಗುತ್ತಿಲ್ಲ.

ಅನುಮಾನ ಬಂದರೆ ಪರೀಕ್ಷೆ ಮಾಡಲು ಬೇರೆ ದಾರಿ ಇತ್ತು. ‘ಹಾಗಾದರೆ ಇಂಟ್ ಬದಲು ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ಲಾಂಗ್ ಬಳಸಿದರೆ ಏನಾಗುತ್ತದೆ?’ ಅಂತ ಕೇಳಬಹುದಿತ್ತು. ‘ಈ ತಪ್ಪನ್ನು ಟೆಸ್ಟ್ ಮಾಡಿ ಹೇಗೆ ಹಿಡಿಯುತ್ತೀರಿ?’ ಅನ್ನಬಹುದಿತ್ತು. ಓದಿ ಹೇಳುವವರು ಅಂಥ ಎರಡನೇ ಪ್ರಶ್ನೆಗೆ ತಡವರಿಸುತ್ತಾರೆ, ಮೂರನೆಯದಕ್ಕೆ ಸಿಕ್ಕಿಬೀಳುತ್ತಾರೆ. ಆದರೆ ಹಾಗೆ ಕೇಳಬೇಕಾದರೆ ಕೇಳುವವರಿಗೂ ವಿಷಯ ಗೊತ್ತಿರಬೇಕು, ಹೇಳಿದ್ದನ್ನು ಕಿವಿಗೊಟ್ಟು ಕೇಳಿರಬೇಕು, ಅಲ್ವಾ? ನಾನು ಮಾತಾಡುವಾಗ ಪೂರ್ತಿ ಆ ಕಡೆಯಿಂದ ಕೀಬೋರ್ಡ್ ಸದ್ದು ಬರುತ್ತಿತ್ತು.

ಮೊದಲ ಸಲ ಪುಣೆಗೆ ಬಂದದ್ದು ವಾಕ್-ಇನ್‌ಗೆ. ಧಾರವಾಡದಿಂದ ರಾತ್ರಿ ಬಸ್ಸು, ನಸುಕಿನಲ್ಲಿ ವಾಕಡ್ ಬ್ರಿಜ್ ಹತ್ತಿರ ಇಳಿದು, ಫೈಲು ಹಿಡಿದು ಬಿಸಿಲಲ್ಲಿ ಸಾಲು. ಸೊಲ್ಲಾಪುರ, ಸಾಂಗ್ಲಿ, ಬೆಳಗಾವಿ, ಎಲ್ಲ ಕಡೆಯ ಹುಡುಗರು. ಸುಖವೇನೂ ಇರಲಿಲ್ಲ. ಎಷ್ಟೋ ಜನರನ್ನು ಐದು ನಿಮಿಷದಲ್ಲಿ ವಾಪಸ್ ಕಳಿಸಿದರು. ಆದರೂ ಮೇಜಿನ ಆಚೆ ಒಂದು ಮುಖ ಇತ್ತು. ನನಗೆ ಬೇಡ ಅಂದವರು ‘ಊಟ ಆಯ್ತಾ?’ ಅಂತಲೂ ಕೇಳಿದ್ದರು. ಈಗ ಕಂಪನಿಯವರು ಸುತ್ತಿ ಬಳಸಿ ಅಲ್ಲಿಗೇ ಬರುತ್ತಿದ್ದಾರೆ. ಒಂದು ರೌಂಡಾದರೂ ಎದುರು ಕೂತು ಮಾಡುತ್ತೇವೆ ಅಂತ ಗೂಗಲ್‌ನ ಸುಂದರ್ ಪಿಚೈ 2025ರಲ್ಲಿ ಹೇಳಿದರು. ಬರಲಿ, ನನಗಂತೂ ಬೇಕು.

ನಿನ್ನೆ ಎಚ್‌ಆರ್ ಹುಡುಗಿ ಫೋನ್ ಮಾಡಿದಳು. ಸೆಲೆಕ್ಟ್ ಆಗಿದ್ದೀರಿ, ಮುಂದಿನ ರೌಂಡ್ ಶನಿವಾರ ಆಫೀಸಿನಲ್ಲೇ ಅಂದಳು. ನೋಟಿಸ್ ಪೀರಿಯಡ್ ಕೇಳಿದಳು, 90 ದಿನ ಅಂದಾಗ ಎಲ್ಲರ ಹಾಗೆ ಅವಳೂ ನಿಟ್ಟುಸಿರು ಬಿಟ್ಟಳು. ಆಮೇಲೆ ಮಂಗಳವಾರದ್ದನ್ನು ಹೇಳಿದೆ. ನಡುವೆ ಬಾಯಿ ಹಾಕದೆ ಕೇಳಿದಳು. ಕೊನೆಗೆ ಮರಾಠಿಯಲ್ಲಿ ‘ಕಾಕೂಂನಾ ಸಾರಿ ಸಾಂಗಾ’ ಅಂದಳು, ಆಂಟಿಗೆ ಸಾರಿ ಹೇಳಿ ಅಂತ. ಒಳ್ಳೆ ಹುಡುಗಿ. ಆದರೆ ಸಾರಿ ಹೇಳಬೇಕಾದವಳು ಅವಳಲ್ಲ, ಅದಕ್ಕೆ ಅವ್ವನಿಗೆ ನಾನಿನ್ನೂ ತಲುಪಿಸಿಲ್ಲ.

ಶನಿವಾರ ಹೋಗುತ್ತೇನೆ. ಕೆಲಸ ಒಳ್ಳೆಯದು, ನನಗೆ ಬೇಕು. ಆ ಮನುಷ್ಯ ಪ್ಯಾನೆಲ್‌ನಲ್ಲಿದ್ದರೆ ನೇರವಾಗಿ ಹೇಳುತ್ತೇನೆ. ಜಗಳಕ್ಕಲ್ಲ. ಮುಂದೆ ಯಾರಿಗಾದರೂ ರೂಮು ತೋರಿಸಿ ಅನ್ನಬೇಕಾದರೆ ಮೊದಲು ನಿಮ್ಮ ಕ್ಯಾಮೆರಾ ಆನ್ ಮಾಡಿ, ಯಾಕೆ ಅಂತ ಹೇಳಿ, ಅಲ್ಲಿ ಹಿರಿಯರು ಕಂಡರೆ ಒಂದು ನಮಸ್ಕಾರ ಮಾಡಿ ಅಂತ.