ಮೂಲೆಯಲ್ಲೊಂದು ತ್ರಿವರ್ಣ, ನಡುವೆ ಮೊಸಳೆ

ಘಾನಾದ ಬಂದರು ಪಟ್ಟಣವಾದ ತೆಮಾಕ್ಕೆ ಕೆಲಸಕ್ಕೆಂದು ಬಂದ ಹೊಸತರಲ್ಲಿ ನಾನು ಕಂಡದ್ದು ಒಂದೇ ಬಾವುಟ: ಕೆಂಪು, ಹಳದಿ, ಹಸಿರು ಪಟ್ಟೆಗಳು, ನಡುವೆ ಕಪ್ಪು ನಕ್ಷತ್ರ. 1957ರ ಮಾರ್ಚ್ 6ರಂದು ಸ್ವತಂತ್ರವಾದ ದೇಶಕ್ಕೆ ಇದನ್ನು ರೂಪಿಸಿಕೊಟ್ಟವರು ಥಿಯೊಡೋಸಿಯಾ ಓಕೋ ಎಂಬ ಕಲಾವಿದೆ; ಮುಂದೆ ಇವರು ಇಲ್ಲಿಯ ಹಾಕಿ ಆಟವನ್ನೂ ಪೋಷಿಸಿದರು. ಕೆಂಪು ಹೋರಾಟದಲ್ಲಿ ಹರಿದ ರಕ್ತ, ಹಳದಿ ನೆಲದಡಿಯ ಚಿನ್ನ, ಹಸಿರು ಕಾಡು, ನಕ್ಷತ್ರ ಆಫ್ರಿಕಾದ ಬಿಡುಗಡೆ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಬ್ರಿಟಿಷರ ಕಾಲದಲ್ಲಿ ಈ ನಾಡು ಗೋಲ್ಡ್ ಕೋಸ್ಟ್ ಆಗಿದ್ದಾಗ ನೀಲಿ ಬಾವುಟದಲ್ಲಿ ಆನೆಯ ಲಾಂಛನವಿತ್ತು.

1964ರಲ್ಲಿ ದೇಶದ ಮೊದಲ ಅಧ್ಯಕ್ಷ ಎನ್‌ಕ್ರುಮಾ ಅವರು ದೇಶವನ್ನು ಏಕಪಕ್ಷದ ಆಡಳಿತಕ್ಕೆ ಒಳಪಡಿಸಿದಾಗ ಬಾವುಟದ ಹಳದಿ ಪಟ್ಟೆ ಹೋಗಿ, ಅವರ ಪಕ್ಷದ ಬಾವುಟದಲ್ಲಿದ್ದ ಬಿಳಿ ಆ ಜಾಗಕ್ಕೆ ಬಂತು. 1966ರ ಫೆಬ್ರುವರಿಯಲ್ಲಿ ಸೇನೆ ಅವರನ್ನು ಇಳಿಸಿದ ಕೆಲವೇ ದಿನಗಳಲ್ಲಿ ಹಳದಿ ಮರಳಿತು. ಒಳನಾಡಿನ ಕುಮಾಸಿಯಲ್ಲಿ ಅಶಾಂತಿ ಎಂಬ ಜನಾಂಗದವರಿಗೆ ಅವರದೇ ಬಾವುಟವಿದ್ದು, ಅದರ ನಡುವೆ ಅವರು ಪ್ರಾಣಕ್ಕಿಂತ ಮಿಗಿಲೆಂದು ಭಾವಿಸುವ ಚಿನ್ನದ ಪೀಠವಿದೆ.

ಆದರೆ ನನ್ನ ಮನಸ್ಸನ್ನು ಹಿಡಿದದ್ದು ಕರಾವಳಿಯ ಫಾಂಟೆ ಜನರ ಬಾವುಟಗಳು. ಊರು ಕಾಯಲೆಂದು ಹುಟ್ಟಿದ ಅಸಾಫೊ ಎಂಬ ಪಡೆಗಳು ಇವರಲ್ಲಿವೆ. ಕೇಪ್ ಕೋಸ್ಟ್ ಪಟ್ಟಣವೊಂದರಲ್ಲೇ ಏಳು ಪಡೆಗಳಿವೆ. ಸೆಪ್ಟೆಂಬರ್ ಮೊದಲ ಶನಿವಾರದ ಫೆಟು ಅಫಾಹ್ಯೆ ಹಬ್ಬದಲ್ಲಿ ಈ ಪಡೆಗಳ ಮೆರವಣಿಗೆಯನ್ನು ಜನಜಂಗುಳಿಯ ನಡುವೆ ನಿಂತು ನೋಡಿದ್ದೇನೆ. ನಮ್ಮಲ್ಲಿ ಕೌದಿಗೆ ತುಂಡುಬಟ್ಟೆ ಸೇರಿಸಿ ಹೊಲಿಯುವಂತೆ ಇವರು ಬಟ್ಟೆಯ ಮೇಲೆ ಮೃಗ, ಮನುಷ್ಯ, ಹಡಗುಗಳನ್ನು ಕತ್ತರಿಸಿ ಹಚ್ಚುತ್ತಾರೆ, ಮತ್ತು ಆ ಚಿತ್ರಗಳಲ್ಲಿ ಹೆಚ್ಚಿನವು ಗಾದೆಗಳು. ಮೊಸಳೆಯೂ ಮೀನುಗಳೂ ಇರುವ ಬಾವುಟದ ಅರ್ಥ, ಹೊಳೆಯ ಮೀನು ಕೊಬ್ಬುವುದು ಮೊಸಳೆಗಾಗಿಯೇ ಎಂದು. ಹೇಳುತ್ತಿರುವುದು ಎದುರು ಪಡೆಗೆ, ಮತ್ತು ಅದು ಅವರಿಗೆ ಚೆನ್ನಾಗಿಯೇ ತಿಳಿಯುತ್ತದೆ! ಒಂದು ಪಡೆಯ ಚಿಹ್ನೆಯನ್ನು ಇನ್ನೊಂದು ಬಳಸಿದ್ದಕ್ಕಾಗಿ ಹಿಂದೆ ಹೊಡೆದಾಟಗಳೇ ಆಗಿದ್ದವು. ಬಾವುಟವನ್ನು ಇಲ್ಲಿ ಕಂಬಕ್ಕೇರಿಸಿ ಸುಮ್ಮನಾಗುವುದಿಲ್ಲ. ಅದಕ್ಕೆಂದೇ ಇರುವ ನರ್ತಕನು ಅದನ್ನು ಬೀಸುತ್ತ, ಮೈಗೆ ಸುತ್ತುತ್ತ, ಬಿಚ್ಚುತ್ತ ಕುಣಿಯುತ್ತಾನೆ.

ಹಳೆಯ ಅಸಾಫೊ ಬಾವುಟಗಳ ಮೇಲ್ಮೂಲೆಯಲ್ಲಿ ಬ್ರಿಟಿಷರ ಯೂನಿಯನ್ ಜ್ಯಾಕ್ ಇರುತ್ತಿತ್ತು. 1957ರ ನಂತರ ಹೊಲಿದವುಗಳಲ್ಲಿ ಆ ಮೂಲೆಗೆ ಓಕೋ ಅವರ ಮೂರು ಬಣ್ಣಗಳು ಬಂದವು, ಮೊಸಳೆ ಮಾತ್ರ ತನ್ನ ಜಾಗ ಬಿಡಲಿಲ್ಲ.