ಬೆಳ್ಳಿ ಉಗುಳೋದು ಕೊನೆಗೂ ನಿಂತಿತು

ತಂತಿ ಎಳೆಯಲೆಂದು ಕರಗಿಸಿ ಅಚ್ಚಿಗೆ ಸುರಿದ ಬೆಳ್ಳಿಯ ಗಟ್ಟಿ ನುಣುಪಾಗಿ ಬಂತು ಮಾರಾಯ್ರೇ! ಮೇಲೆ ಒಂದು ಗುಳ್ಳೆ ಇಲ್ಲ, ತಟ್ಟಿದರೆ ಬಿರುಕಿಲ್ಲ. ಮೂಸೆ (ಲೋಹ ಕರಗಿಸುವ ಬಟ್ಟಲು), ಬಿಳಿಗಾರ (ಕರಗುವ ಲೋಹದ ಕೊಳೆ ತೆಗೆಯುವ ಬೋರಾಕ್ಸ್ ಪುಡಿ), ಉರಿ ಊದುವ ಟಾರ್ಚ್, ಇವುಗಳ ಕತೆ ಬಿಡುತ್ತೇನೆ.

ಕಾಟ ಕೊಟ್ಟದ್ದು ಒಂದೇ. ಶುದ್ಧ ಬೆಳ್ಳಿ ಸುಮಾರು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅಚ್ಚಿಗೆ ಸುರಿದರೆ ಸುಮ್ನೆ ಕೂರುತ್ತದೆ, ಇನ್ನೇನು ಗಟ್ಟಿಯಾಯಿತು ಅನ್ನುವಾಗ ಮೇಲ್ಪದರ ಒಡೆದು ಚಿಟ್ ಚಿಟ್ ಅಂತ ಹನಿ ಹಾರಿಸುತ್ತದೆ. ತಣಿದ ಮೇಲೆ ನೋಡಿದರೆ ನೀರ್ದೋಸೆ ತರ ಮೈತುಂಬ ತೂತು. ತಂತಿ ಎಳೆಯಲು ಹೋದರೆ ಪಟ್ ಅಂತ ತುಂಡು.

ತೀರ್ಥಹಳ್ಳಿಯ ಮಳೆಗಾಲದಲ್ಲಿ ಡಬ್ಬಿಯೊಳಗಿನ ಉಪ್ಪೇ ನೀರಾಗುತ್ತದೆ, ಹಾಗಾಗಿ ಎಲ್ಲರೂ ಬೈದದ್ದು ತೇವವನ್ನೇ. ಆದರೆ ಅಚ್ಚಿನಲ್ಲಿ ತೇವ ಇದ್ದರೆ ಸುರಿಯುವಾಗಲೇ ಸಿಡಿಯಬೇಕಲ್ವಾ? ಇದು ಗಟ್ಟಿಯಾಗುವಾಗ ಸಿಡಿಯುತ್ತಿತ್ತು. ಹಳೆ ಕಾಲ್ಗೆಜ್ಜೆ ಕರಗಿಸಿದಾಗ ಈ ರಗಳೆಯೇ ಇರಲಿಲ್ಲ.

ಕಳ್ಳ ಆಮ್ಲಜನಕ. ತಣ್ಣಗಿರುವ ಬೆಳ್ಳಿ ಅದನ್ನು ಕ್ಯಾರೇ ಅನ್ನುವುದಿಲ್ಲ (ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅನಿಲದಿಂದ). ಕರಗಿದ ಬೆಳ್ಳಿ ಮಾತ್ರ ತನ್ನ ಗಾತ್ರದ ಸುಮಾರು 20 ಪಟ್ಟು ಆಮ್ಲಜನಕ ಕುಡಿಯುತ್ತದೆ, ಗಟ್ಟಿಯಾಗುವಾಗ ಹೆಚ್ಚೂಕಮ್ಮಿ ಅಷ್ಟನ್ನೂ ಕಕ್ಕುತ್ತದೆ. ಗೆಜ್ಜೆಯಲ್ಲಿ ತಾಮ್ರ ಬೆರೆತಿರುತ್ತದೆ, ಆಮ್ಲಜನಕವನ್ನು ಅದೇ ಹಿಡಿದುಕೊಳ್ಳುತ್ತದೆ.

ಮದ್ದು ಒಲೆಯಲ್ಲೇ ಇತ್ತು, ಇದ್ದಿಲು. ಬೆಳ್ಳಿಗೆ ಸಿಗುವ ಮೊದಲೇ ಆಮ್ಲಜನಕವನ್ನು ಅದು ತಿಂದುಬಿಡುತ್ತದೆ. ಪುಡಿ ಮಾಡಿ, ಚೆನ್ನಾಗಿ ಒಣಗಿಸಿ, ಕರಗುವ ಬೆಳ್ಳಿಯ ಮೇಲೆ ಮುಚ್ಚಿದೆ. ಟಾರ್ಚಿನ ಗಾಳಿ ತಗ್ಗಿಸಿ, ಭುಸುಗುಡುವ ನೀಲಿ ಉರಿಯ ಬದಲು ತುದಿ ಹಳದಿಯಾದ, ಆಮ್ಲಜನಕ ಮಿಗದ ಮೆತ್ತಗಿನ ಉರಿ ಇಟ್ಟೆ. ಸುರಿಯುವಾಗಲೂ ಆ ಉರಿಯನ್ನು ಬೆಳ್ಳಿಯ ಮೇಲಿಂದ ಕದಲಿಸಲಿಲ್ಲ. ಒಂದು ಹನಿಯೂ ಹಾರಲಿಲ್ಲ.

ಇನ್ನು ಬಿಳಿಗಾರ ಕಳಿಸಿದ ಪುಣ್ಯಾತ್ಮನ ವಿಷಯ. ತೂತು ಕವರಿನಲ್ಲಿ ಕಳಿಸಿದ್ದು ಮಳೆಯಲ್ಲಿ ನೆನೆದು ಕಲ್ಲಾಗಿತ್ತು. ಫೋನ್ ಮಾಡಿದರೆ 'ಒಣಗಿಸ್ಕೊಳ್ಳಿ ಸಾರ್' ಅಂದ. ಜುಲೈನಲ್ಲಿ, ಇಲ್ಲಿ, ಎಲ್ಲಿ ಒಣಗಿಸುವುದು?

ತಂತಿ ಎಳೆಯುವುದು ಮುಗಿಯುವ ಮೊದಲೇ ತಲೆ ಬೇರೆ ಕಡೆ ಓಡಿದೆ. ಮಿಕ್ಕ ಚೂರುಗಳನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಸಿಲ್ವರ್ ನೈಟ್ರೇಟ್ ಮಾಡಬೇಕು. ಫೋಟೋಗ್ರಫಿ ಶುರುಮಾಡಿದವರಲ್ಲಿ ಒಬ್ಬನಾದ ಇಂಗ್ಲೆಂಡಿನ ಟಾಲ್ಬಾಟ್ 1839ರಲ್ಲಿ ತೋರಿಸಿದ ದಾರಿ ಇದೆಯಲ್ಲ, ಕಾಗದಕ್ಕೆ ಉಪ್ಪುನೀರು, ಅದರ ಮೇಲೆ ಸಿಲ್ವರ್ ನೈಟ್ರೇಟ್, ಆಮೇಲೆ ಬಿಸಿಲು; ಮೇಲಿಟ್ಟ ವಸ್ತುವಿನ ಸುತ್ತ ಕಾಗದ ಕಪ್ಪಾಗಿ ಚಿತ್ರ ಮೂಡುತ್ತದೆ. ಹೀಗೆ ಅಡಿಕೆ ಸೋಗೆಯ ಚಿತ್ರ ಬೀಳಿಸುವ ಆಸೆ. ಆಮ್ಲ ಕೇಳಿದರೆ ಶಿವಮೊಗ್ಗದ ಅಂಗಡಿಯವರು ಕಾಲೇಜಿನ ಪತ್ರ ತನ್ನಿ ಅನ್ನುತ್ತಾರೆ. ಕಂದು ಹೊಗೆ ಬರುವ ಕೆಲಸ, ಬಯಲಲ್ಲೇ ಆಗಬೇಕು. ಬಿಸಿಲಂತೂ ದೀಪಾವಳಿ ಆದಮೇಲೇ ಸೈ, ಅಷ್ಟರೊಳಗೆ ಪತ್ರ ಕೊಡುವ ಮೇಷ್ಟರನ್ನು ಹುಡುಕಬೇಕು.