ಡಾಕ್ಟರನ್ನ ಯಾವಾಗ ಕರೀಬೇಕು ಅನ್ನೋದನ್ನ ಸಿಲಬಸ್‌ನಲ್ಲಿ ಹೆಂಗೆ ಬರೆಯೋದು?

ಫಿಸಿಷಿಯನ್ ಅಸಿಸ್ಟೆಂಟ್ ಅಂದ ತಕ್ಷಣ ಸುಮಾರು ಜನ ಡಾಕ್ಟರ್ ಹಿಂದೆ ಫೈಲ್ ಹಿಡ್ಕೊಂಡು ಓಡಾಡೋರು ಅಂದ್ಕೊಂಡುಬಿಡ್ತಾರೆ. ಹಂಗಲ್ಲ ಸ್ವಾಮಿ. ಪಿಎ ಅಂದ್ರೆ ರೋಗಿ ಹತ್ರ ಕೂತು ಹಿಸ್ಟರಿ ತಗೊಂಡು, ಮೈ ಮುಟ್ಟಿ ಪರೀಕ್ಷೆ ಮಾಡಿ, ಯಾವ ಟೆಸ್ಟ್ ಬೇಕು ಅಂತ ಯೋಚ್ಸಿ, ರಿಪೋರ್ಟ್ ಬಂದ ಮೇಲೆ ಇದು ಇಂಥ ಕಾಯಿಲೆ ಅಂತ ಒಂದು ತೀರ್ಮಾನಕ್ಕೆ ಬರೋರು, ಅಮೆರಿಕದಲ್ಲಾದ್ರೆ ಔಷಧಿ ಚೀಟಿನೂ ಬರೆಯೋರು, ಆಪರೇಷನ್ ಥಿಯೇಟರಲ್ಲಿ ಸರ್ಜನ್ ಎದುರು ನಿಂತು ಅಸಿಸ್ಟ್ ಮಾಡೋರು. ಇದನ್ನೆಲ್ಲ ಕಲಿಯೋಕೆ ಅಲ್ಲಿನ ಪ್ರೋಗ್ರಾಮ್‌ಗಳಲ್ಲಿ ಸಿಗೋದು ಸರಾಸರಿ 27 ತಿಂಗಳು. ಡಿಗ್ರಿ ಮುಗ್ಸಿ ಬಂದೋರಿಗೆ ಮಾಸ್ಟರ್ಸ್ ಮಟ್ಟದ ಕೋರ್ಸು ನಿಜ, ಆದ್ರೂ ಇಡೀ ವೈದ್ಯಶಾಸ್ತ್ರ ಅಷ್ಟರಲ್ಲಿ ಹಿಡಿಸಲ್ಲ, ಅದಕ್ಕೇ ಈ ಟ್ರೈನಿಂಗ್‌ಗೆ ಗುರಿಗಳನ್ನ ಬರೆಯೋಕೆ ಕೂತಾಗ ಏನು ಸೇರಿಸೋದು ಅನ್ನೋದಕ್ಕಿಂತ ಏನು ಬಿಡೋದು ಅನ್ನೋ ಜಗಳನೇ ಜಾಸ್ತಿ.

ನಾನು ಕಲಿಸೋ ಕಡೆ ಇರೋನು, ಕಾಂಪಿಟೆನ್ಸಿ (ಕೆಲಸಕ್ಕೆ ಬೇಕಾದ ಸಾಮರ್ಥ್ಯ), ರೂಬ್ರಿಕ್ (ಅಂಕ ಹಾಕೋ ಅಳತೆಪಟ್ಟಿ), ಅಸೆಸ್‌ಮೆಂಟ್ ಅಂತ ದಿನಾ ಇದರಲ್ಲೇ ಮುಳುಗಿರ್ತೀನಿ. ನನಗೆ ಅನ್ಸೋದು ಇಷ್ಟು, ಪಿಎ ಆಗೋರಿಗೆ ಎಲ್ಲಕ್ಕಿಂತ ಮೊದ್ಲು ಬರ್ಬೇಕಾದ್ದು ಇಲ್ಲಿವರೆಗೆ ನಾನು ನೋಡ್ಕೋತೀನಿ, ಇಲ್ಲಿಂದ ಮುಂದೆ ಡಾಕ್ಟರನ್ನ ಕರೀಬೇಕು ಅನ್ನೋ ಗೆರೆ. ಅದನ್ನೇ ನಾವು ಸರಿಯಾಗಿ ಕಲಿಸ್ತಿಲ್ಲ, ಕಲಿಸಿದ್ರೂ ಅಳೀತಿಲ್ಲ.

ಇದರ ಹಿಂದೆ ಒಂದು ಹಳೇ ಕಥೆ ಇದೆ. 1965ರಲ್ಲಿ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯಲ್ಲಿ ಡಾ. ಯೂಜೀನ್ ಸ್ಟೆಡ್ ಪಿಎಗಳ ಮೊದಲನೇ ಬ್ಯಾಚ್ ಶುರು ಮಾಡ್ದಾಗ ತಗೊಂಡಿದ್ದು ನಾಲ್ಕೇ ಜನರನ್ನ, ಅಷ್ಟೂ ಜನ ನೌಕಾಪಡೆಯಲ್ಲಿ ಕಾರ್ಪ್ಸ್‌ಮನ್ (ಚಿಕಿತ್ಸೆ ಕೊಡೋ ಸಹಾಯಕರು) ಆಗಿದ್ದೋರು. 1967ರ ಅಕ್ಟೋಬರ್ 6ಕ್ಕೆ ಅವರಲ್ಲಿ ಮೂರು ಜನ ಪಾಸಾಗಿ ಬಂದ್ರು, ಈಗ್ಲೂ ಅಮೆರಿಕದಲ್ಲಿ ಪಿಎ ದಿನ ಅಂತ ಆಚರಿಸೋದು ಅಕ್ಟೋಬರ್ 6ನೇ. 1969ರಲ್ಲಿ ವಾಷಿಂಗ್ಟನ್ ಯೂನಿವರ್ಸಿಟಿಯ ರಿಚರ್ಡ್ ಸ್ಮಿತ್ ಮೆಡೆಕ್ಸ್ ಅಂತ ಪಿಎ ಕೋರ್ಸ್ ಶುರು ಮಾಡ್ದಾಗ್ಲೂ ನಂಬಿದ್ದು ಸೇನೆಯಿಂದ ವಾಪಸ್ ಬಂದ ಇಂಥೋರನ್ನೇ. ಗಾಯ ಹೊಲಿದು, ಜ್ವರ ನೋಡಿ, ಯಾರು ಕಾಯ್ಬಹುದು ಯಾರು ಕಾಯೋಕಾಗಲ್ಲ ಅಂತ ಕಣ್ಣಲ್ಲೇ ಅಳೆದು ಅಭ್ಯಾಸ ಆಗಿದ್ದ ಜನ ಅವ್ರು. ಕೋರ್ಸ್ ಅವರಿಗೆ ಕೊಡ್ಬೇಕಾಗಿದ್ದು ಫಿಸಿಯಾಲಜಿ, ಫಾರ್ಮಕಾಲಜಿ, ರೋಗದ ಹಿಂದಿನ ಲೆಕ್ಕಾಚಾರ. ಈಗ ಬರೋ ಹುಡುಗ್ರು ಹುಡುಗೀರಲ್ಲಿ ಎಷ್ಟೋ ಜನಕ್ಕೆ ಲೆಕ್ಕಾಚಾರ ಪಟಪಟ ಅಂತ ಬರತ್ತೆ, ಆದ್ರೆ ರಾತ್ರಿ ಮೂರು ಗಂಟೆಗೆ ಬೆವರ್ತಾ ಕೂತಿರೋ ರೋಗಿನ ಒಬ್ಬರೇ ಎದುರಿಸಿದ್ದು ಕಮ್ಮಿ. ಅನುಭವ ಇದ್ದೋರಿಗೆ ಅಂತ ಹೊಲಿದ ಅಂಗಿನ ಅನುಭವ ಇಲ್ದೋರಿಗೆ ಹಾಕಿ, ತೋಳು ಯಾಕೆ ಉದ್ದ ಆಯ್ತು ಅಂತ ಕೇಳ್ತಾ ಇದೀವಿ.

ಕಾಂಪಿಟೆನ್ಸಿ ಪಟ್ಟಿಗಳಿಗೇನೂ ಕೊರತೆ ಇಲ್ಲ ಬಿಡಿ. ಅಮೆರಿಕದಲ್ಲಿ ರೆಸಿಡೆಂಟ್ ಡಾಕ್ಟರ್‌ಗಳಿಗೆ ಅಂತ 1999ರಲ್ಲಿ ಆರು ಕಾಂಪಿಟೆನ್ಸಿ ಬಂದ್ವು, ವೈದ್ಯಕೀಯ ಜ್ಞಾನ, ರೋಗಿಯ ಆರೈಕೆ, ಮಾತುಕತೆ, ವೃತ್ತಿಪರತೆ, ಮಾಡ್ತಾ ಮಾಡ್ತಾ ಕಲಿಯೋದು, ವ್ಯವಸ್ಥೆ ಒಳಗೆ ಕೆಲಸ ಮಾಡೋದು ಅಂತ. 2005ರಲ್ಲಿ ಪಿಎ ಸಂಘಟನೆಗಳು ಹೆಚ್ಚೂಕಮ್ಮಿ ಅದೇ ಆರನ್ನ ತಮಗೆ ಹೊಂದಿಸ್ಕೊಂಡ್ವು, 2012ರಲ್ಲಿ ತಿದ್ದಿದ್ರು, 2021ರಲ್ಲಿ ಮತ್ತೆ ಬರೆದು ಏಳು ಮಾಡಿದ್ರು, ಬೇರೆ ವೃತ್ತಿಯವರ ಜೊತೆ ಸೇರಿ ಕೆಲಸ ಮಾಡೋದು ಮತ್ತೆ ಸಮಾಜದ ಆರೋಗ್ಯ ಎರಡಕ್ಕೂ ಅವುಗಳದ್ದೇ ಜಾಗ ಸಿಕ್ತು. ಒಳ್ಳೇದೇ. ಆದ್ರೆ ಆ ಹಳೇ ಪಟ್ಟಿಯಲ್ಲಿ, ವೃತ್ತಿಪರತೆ ಅನ್ನೋ ಭಾಗದ ಒಳಗೆ, ಪಿಎ ಆದವರು ತಮ್ಮ ವೃತ್ತಿಯ ಮಿತಿ ಮತ್ತೆ ತಮ್ಮ ಸ್ವಂತ ಮಿತಿ ಎರಡನ್ನೂ ತಿಳಿದಿರಬೇಕು ಅಂತ ಒಂದೇ ಒಂದು ಸಾಲು ಇತ್ತು. ನೋಡಿ, ಇಡೀ ಕೆಲಸ ನಿಂತಿರೋದೇ ಆ ಸಾಲಿನ ಮೇಲೆ, ಅದು ಕೂತಿರೋದು ಟೈಮಿಗೆ ಸರಿಯಾಗಿ ಬರ್ಬೇಕು, ನಶೆ ಮಾಡ್ಬಾರ್ದು ಅನ್ನೋ ಥರದ ಬುದ್ಧಿಮಾತುಗಳ ಪಕ್ಕ. ಮಿತಿ ತಿಳಿಯೋದು ನಡತೆ ವಿಷ್ಯ ಅಲ್ಲ ರೀ, ಅದು ಕ್ಲಿನಿಕಲ್ ಸ್ಕಿಲ್, ಸ್ಟೆತಸ್ಕೋಪ್ ಇಟ್ಟು ಮರ್ಮರ್ (ಹೃದಯದ ಅಸಹಜ ಸದ್ದು) ಕೇಳಿಸ್ಕೊಳ್ಳೋ ಹಂಗೆ ಅಭ್ಯಾಸದಿಂದ ಬರೋದು.

ಗುರಿ ಬರೆಯೋ ರೀತಿನೂ ಒಂದು ರೋಗ. 'ಹಾರ್ಟ್ ಫೇಲ್ಯೂರ್ ಬಗ್ಗೆ ವಿದ್ಯಾರ್ಥಿ ಅರ್ಥಮಾಡಿಕೊಳ್ಳುವರು' ಅಂತ ಬರೆದ್ರೆ ಅದನ್ನ ಹೆಂಗೆ ಚೆಕ್ ಮಾಡ್ತೀರ? ಅದೇ ಜಾಗದಲ್ಲಿ, ಉಸಿರಾಡೋಕೆ ಕಷ್ಟ ಪಡ್ತಿರೋ ರೋಗಿಯನ್ನ 45 ಡಿಗ್ರಿಯಲ್ಲಿ ಒರಗಿಸಿ ಕುತ್ತಿಗೆ ರಕ್ತನಾಳ ಎಷ್ಟು ಮೇಲಕ್ಕೆ ಉಬ್ಬಿದೆ ನೋಡ್ತಾರೆ, ಬೆನ್ನ ಕೆಳಭಾಗದಲ್ಲಿ ಕ್ರೆಪ್ಸ್ (ಶ್ವಾಸಕೋಶದ ಚಟಪಟ ಸದ್ದು) ಕೇಳಿಸ್ಕೋತಾರೆ, ಕಾಲಿನ ಊತ ಒತ್ತಿ ನೋಡ್ತಾರೆ, ಆಕ್ಸಿಜನ್ ಇಷ್ಟಕ್ಕಿಂತ ಕಮ್ಮಿ ಅಥವಾ ಬಿಪಿ ಇಷ್ಟಕ್ಕಿಂತ ಕೆಳಗೆ ಇದ್ರೆ ತಾವೇ ಡೋಸ್ ಜಾಸ್ತಿ ಮಾಡ್ತಾ ಕೂರದೆ ಸೀನಿಯರ್‌ಗೆ ಫೋನ್ ಮಾಡ್ತಾರೆ ಅಂತ ಬರೆದ್ರೆ ಗುರಿ ಒಳಗೇ ಗೆರೆನೂ ಬಂತು, ಅಳೆಯೋಕೂ ಆಯ್ತು. ಉದ್ದ ಆಗತ್ತೆ, ಕಮಿಟಿಯಲ್ಲಿ ಕೂತೋರು ಮುಖ ಸಿಂಡರಿಸ್ತಾರೆ, ಆಗ್ಲಿ ಬಿಡಿ.

ಅಳೆಯೋ ವಿಷ್ಯಕ್ಕೆ ಬಂದ್ರೆ, ಅಮೆರಿಕದ ಸರ್ಟಿಫಿಕೇಷನ್ ಪರೀಕ್ಷೆ ಪ್ಯಾನ್ಸ್‌ನಲ್ಲಿ 300 ಪ್ರಶ್ನೆ, 60ರ ಐದು ಬ್ಲಾಕು, ಒಂದೊಂದಕ್ಕೆ ಒಂದು ಗಂಟೆ. ಪ್ರತಿ ಪ್ರಶ್ನೆಗೂ ಸರಿ ಉತ್ತರ ಅಲ್ಲೇ ಆಯ್ಕೆಗಳಲ್ಲಿ ಕೂತಿರತ್ತೆ. ವಾರ್ಡಲ್ಲಿ ಆಯ್ಕೆ ಕೊಡೋರು ಯಾರು? 1990ರಲ್ಲಿ ವೈದ್ಯಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ ಕಲಿಕೆಯನ್ನ ನಾಲ್ಕು ಮೆಟ್ಟಿಲಾಗಿ ಹೇಳಿದ್ರು, ಗೊತ್ತಿರೋದು, ಹೆಂಗೆ ಮಾಡೋದು ಅಂತ ಗೊತ್ತಿರೋದು, ಮಾಡಿ ತೋರಿಸೋದು, ನಿಜವಾಗಿ ಮಾಡೋದು. ಪ್ರಶ್ನೆಪತ್ರಿಕೆ ಎರಡನೇ ಮೆಟ್ಟಿಲಿಗೇ ಸುಸ್ತು. ಮೂರನೇದಕ್ಕೆ ಓಸ್ಕಿ ಅನ್ನೋ ಪ್ರಾಯೋಗಿಕ ಪರೀಕ್ಷೆ ಇದೆ, 1975ರಲ್ಲಿ ರೊನಾಲ್ಡ್ ಹಾರ್ಡನ್ ಮತ್ತೆ ಅವರ ಜೊತೆಗಾರರು ತಂದಿದ್ದು, ಬೇರೆ ಬೇರೆ ಸ್ಟೇಷನ್, ನಟಿಸೋ ರೋಗಿ, ಗಂಟೆ ಹೊಡೆದ್ರೆ ಮುಂದಿನ ಸ್ಟೇಷನ್.

ನನಗೆ ಇಷ್ಟವಾದ ಸ್ಟೇಷನ್ ಒಂದಿದೆ. ರೋಗಿ ಹೊಟ್ಟೆ ಮೇಲ್ಭಾಗ ಹಿಡ್ಕೊಂಡು ಗ್ಯಾಸ್ಟ್ರಿಕ್ ಡಾಕ್ಟ್ರೇ ಒಂದು ಮಾತ್ರೆ ಕೊಡಿ ಸಾಕು ಅಂತಾರೆ, ಬೆವರಿದ್ದಾರೆ, ಕೇಳಿದ್ರೆ ಇಸಿಜಿ ಕೊಡ್ತೀವಿ, ಅದರಲ್ಲಿ ಲೀಡ್ ಟೂ, ತ್ರೀ, ಎವಿಎಫ್‌ನಲ್ಲಿ ಎಸ್‌ಟಿ ಮೇಲೆದ್ದಿರತ್ತೆ, ಅಂದ್ರೆ ಹೃದಯದ ಕೆಳಗೋಡೆಯ ಅಟ್ಯಾಕು (ಇನ್ಫೀರಿಯರ್ ಎಂಐ). ಟೇಬಲ್ ಮೇಲೆ ಒಂದು ಫೋನಿದೆ, ಆ ಕಡೆ ಸೀನಿಯರ್ ಆಗಿ ನಾನೇ ಇರ್ತೀನಿ. ಕೆಲವ್ರು ಶುರು ಮಾಡೋದೇ 'ಸರ್, ಒಬ್ಬರು ರೋಗಿ ಇದಾರೆ, ಅವರಿಗೆ ಹತ್ತು ವರ್ಷದಿಂದ ಶುಗರ್ ಇದೆ, ಮೊದ್ಲು ಮಾತ್ರೆ ತಗೋತಿದ್ರಂತೆ, ಆಮೇಲೆ...' ಅಂತ, ಇಸಿಜಿ ಹತ್ರ ಬರೋವಷ್ಟರಲ್ಲಿ ಗಂಟೆ ಹೊಡೆದಿರತ್ತೆ. ಇನ್ನು ಕೆಲವ್ರು ಫೋನ್ ಮುಟ್ಟೋದೇ ಇಲ್ಲ, ಎಲ್ಲಾ ಟ್ರೀಟ್‌ಮೆಂಟೂ ನೆನಪಿದೆ, ಮಾರ್ಕ್ಸ್ ಬರ್ಬೇಕಲ್ಲ, ರಕ್ತನಾಳ ಹಿಗ್ಗಿಸೋ ನೈಟ್ರೇಟೂ ಬರೆದುಬಿಡ್ತಾರೆ. ಒಬ್ಳು ಹುಡುಗಿ ಹೇಳಿದ್ದು ಹಿಂಗೆ: 'ಸರ್, ನಾಲ್ಕನೇ ಬೆಡ್, 56 ವರ್ಷದ ಗಂಡಸು, ಇನ್ಫೀರಿಯರ್ ಎಂಐ, ಬಿಪಿ 96 ಇದೆ, ಆಸ್ಪಿರಿನ್ ಕೊಟ್ಟಿದೀನಿ, ನೈಟ್ರೇಟ್ ಕೊಟ್ಟಿಲ್ಲ, ಬಲಭಾಗಕ್ಕೂ ಹೋಗಿದೆಯಾ ನೋಡೋಕೆ ಬಲಗಡೆ ಲೀಡ್ ಹಾಕ್ತಾ ಇದೀನಿ, ನೀವು ಈಗ್ಲೇ ಬನ್ನಿ.' ಹೃದಯದ ಬಲಗಡೆ ಕೆಳಕೋಣೆಗೆ ಏಟು ಬಿದ್ದಿದ್ರೆ ನೈಟ್ರೇಟ್ ಕೊಟ್ಟಾಗ ಬಿಪಿ ನೆಲ ಕಚ್ಚತ್ತೆ, ಅದಕ್ಕೇ ಅವಳು ಅಲ್ಲಿ ನಿಂತಿದ್ದು. ಯಾಕೆ ನಿಂತೆ ಅನ್ನೋದನ್ನೂ ಮಾತಲ್ಲೇ ಸೇರ್ಸಿ ಹೇಳಿಬಿಟ್ಲು. ಪಟ್ಟಿಯ ಜ್ಞಾನ, ಆರೈಕೆ, ಮಾತುಕತೆ ಮೂರೂ ಕಾಂಪಿಟೆನ್ಸಿ ಆ ಒಂದು ಫೋನಲ್ಲಿ ಇತ್ತು.

ಈ ಫೋನ್ ಮಾತನ್ನ ಕಲಿಸ್ಬಹುದು, ಅದಕ್ಕೆ ಎಸ್‌ಬಿಎಆರ್ ಅಂತ ಚೌಕಟ್ಟಿದೆ, ಈಗೇನಾಗ್ತಿದೆ, ಹಿನ್ನೆಲೆ ಏನು, ನನ್ನ ಅಂದಾಜೇನು, ನಿಮ್ಮಿಂದ ಏನು ಬೇಕು. (ಇದು ಬಂದಿದ್ದೂ ಅಮೆರಿಕದ ನೌಕಾಪಡೆಯಿಂದನೇ, ಸಬ್‌ಮರೀನ್‌ನಲ್ಲಿ ಉದ್ದುದ್ದ ಕಥೆ ಕೇಳೋಕೆ ಯಾರಿಗೂ ಪುರುಸೊತ್ತಿರಲ್ಲ.) ಹುಡುಗ್ರಿಗೆ ಕಷ್ಟ ಆಗೋದು ಮೂರನೇದು, ನನ್ನ ಅಂದಾಜು ಅಂತ ಬಾಯ್ಬಿಟ್ಟು ಹೇಳೋದು, ತಪ್ಪಾದ್ರೆ ಬೈತಾರೆ ಅನ್ನೋ ಭಯ.

ಬೈಯೋರು ಇರೋ ಕಡೆ ಈ ಸ್ಕಿಲ್ ಬೆಳೆಯಲ್ಲ. ಕ್ಲಿನಿಕಲ್ ವರ್ಷದಲ್ಲಿ ವಿದ್ಯಾರ್ಥಿಗಳು ಫ್ಯಾಮಿಲಿ ಮೆಡಿಸಿನ್, ಇಂಟರ್ನಲ್ ಮೆಡಿಸಿನ್, ಸರ್ಜರಿ, ಮಕ್ಕಳ ವಿಭಾಗ, ಹೆಂಗಸರ ಆರೋಗ್ಯ, ಎಮರ್ಜೆನ್ಸಿ, ಮಾನಸಿಕ ಆರೋಗ್ಯ ಅಂತ ಸುತ್ತುತಾರೆ, ಒಂದೊಂದು ಕಡೆ ಕೆಲವೇ ವಾರ, ಅಷ್ಟರಲ್ಲಿ ಪ್ರಿಸೆಪ್ಟರ್‌ಗೆ (ಅಲ್ಲಿ ಕಲಿಸೋ ಡಾಕ್ಟರ್‌ಗೆ) ಅವರ ಹೆಸರು ನೆನಪಾಗೋದೇ ಹೆಚ್ಚು. ಕೊನೇಲಿ ಬರೋ ಫಾರ್ಮಲ್ಲಿ ಎಲ್ಲದಕ್ಕೂ ಐದಕ್ಕೆ ನಾಲ್ಕು. ಅದರ ಬದಲು ವೈದ್ಯಶಿಕ್ಷಣ ಸಂಶೋಧಕ ಓಲೆ ಟೆನ್ ಕೇಟ್ 2005ರಲ್ಲಿ ಮುಂದಿಟ್ಟ ಎಂಟ್ರಸ್ಟ್‌ಮೆಂಟ್ ಅನ್ನೋ ಯೋಚನೆ ನನಗೆ ಸರಿ ಅನ್ಸತ್ತೆ. ಅಲ್ಲಿ ಅಂಕ ಕೇಳಲ್ಲ, ಈ ಕೆಲಸನ ಇವರ ಕೈಗೆ ಎಷ್ಟು ಒಪ್ಪಿಸ್ತೀರ ಅಂತ ಕೇಳ್ತಾರೆ: ಬರೀ ನೋಡ್ಲಿ, ನಾನು ಪಕ್ಕದಲ್ಲಿದ್ರೆ ಮಾಡ್ಲಿ, ಕರೆದ್ರೆ ಬರೋ ದೂರದಲ್ಲಿದ್ರೆ ಸಾಕು, ಒಬ್ಬರೇ ಮಾಡ್ಲಿ, ಬೇರೆಯವರಿಗೆ ಕಲಿಸ್ಲಿ. ಐದಕ್ಕೆ ನಾಲ್ಕು ಅಂತ ಕಣ್ಮುಚ್ಚಿ ಹಾಕೋ ಡಾಕ್ಟರು ಕೂಡ ಇಲ್ಲಿ ಒಂದು ಕ್ಷಣ ಪೆನ್ನು ನಿಲ್ಲಿಸ್ತಾರೆ. ಪಿಎಗೆ ಗುರಿ ಇರ್ಬೇಕಾದ್ದು ಮೂರನೇ ಹಂತ, ಕರೆದ್ರೆ ಬರೋ ದೂರದ್ದು, ಮತ್ತೆ ಆ ಹಂತ ನಡೆಯೋದೇ ಇವರು ಕರೀತಾರೆ ಅನ್ನೋ ನಂಬಿಕೆ ಮೇಲೆ.

ಗೆರೆನ ಶಿಕ್ಷಣದಲ್ಲಿ ಎಳೀದಿದ್ರೆ ಹೊರಗಿನವರು ಬಂದು ಎಳೀತಾರೆ. ಬ್ರಿಟನ್‌ನಲ್ಲಿ ಇವರನ್ನ ಫಿಸಿಷಿಯನ್ ಅಸೋಸಿಯೇಟ್ ಅಂತಿದ್ರು, 2024ರ ಡಿಸೆಂಬರ್‌ನಲ್ಲಿ ಜಿಎಂಸಿ (ಅಲ್ಲಿ ಡಾಕ್ಟರ್‌ಗಳನ್ನ ನಿಯಂತ್ರಿಸೋ ಸಂಸ್ಥೆ) ನಿಯಂತ್ರಣಕ್ಕೆ ಬಂದ್ರು, 2025ರ ಜುಲೈನಲ್ಲಿ ಬಂದ, ಸರ್ಕಾರ ಮಾಡಿಸಿದ ಲೆಂಗ್ ವರದಿ ಹೆಸರನ್ನ ವಾಪಸ್ ಅಸಿಸ್ಟೆಂಟ್ ಮಾಡಿ ಅಂತು, ಇನ್ನೂ ಡಯಾಗ್ನೋಸ್ ಆಗದ ರೋಗಿಗಳನ್ನ ಸ್ಪಷ್ಟ ಪ್ರೋಟೋಕಾಲ್ ಇಲ್ದೆ ಇವರು ನೋಡ್ಬಾರ್ದು ಅಂತಾನೂ ಹೇಳ್ತು. ಇದು ಅತಿ ಆಯ್ತು ಅನ್ನೋರಿದ್ದಾರೆ, ಸಾಲದು ಅನ್ನೋರೂ ಇದ್ದಾರೆ. ನನಗೆ ಅರ್ಧ ಒಪ್ಪಿಗೆ, ಯಾಕಂದ್ರೆ ಪ್ರೋಟೋಕಾಲ್ ಒಂದು ಮಟ್ಟದವರೆಗೆ ಕಾಯತ್ತೆ, ಗ್ಯಾಸ್ಟ್ರಿಕ್ ಅಂತ ಬಂದ ಹಾರ್ಟ್ ಅಟ್ಯಾಕ್ ಯಾವ ಪ್ರೋಟೋಕಾಲ್ ಒಳಗೆ ಬರತ್ತೆ ಅಂತ ಬಾಗಿಲಲ್ಲೇ ಗುರುತಿಸೋಕೆ ಮನುಷ್ಯನೇ ಬೇಕು.

ನಮ್ಮ ಮುಂದಿನ ಪರಿಷ್ಕರಣೆಗೆ ನಾನು ಕೇಳಿರೋದು ದೊಡ್ಡದೇನಲ್ಲ. ಪ್ರತಿ ರೊಟೇಷನ್‌ನಲ್ಲೂ ವಿದ್ಯಾರ್ಥಿ ಸೀನಿಯರನ್ನ ಕರೆದ ಒಂದು ನಿಜವಾದ ಪ್ರಸಂಗ ಬರೆದಿಡ್ಬೇಕು, ಯಾವಾಗ ಕರೆದ್ರು, ಏನು ಹೇಳಿದ್ರು, ಇನ್ನೂ ಮೊದ್ಲೇ ಕರೀಬೇಕಿತ್ತಾ ಅಂತ, ಅದಕ್ಕೆ ಪ್ರಿಸೆಪ್ಟರ್ ಎರಡು ಸಾಲು ಉತ್ತರ ಬರೀಬೇಕು. ಸುಮ್ಸುಮ್ನೆ ಕರೆದ್ರೂ ಮಾರ್ಕ್ಸ್ ಕಟ್ ಮಾಡ್ಬಾರ್ದು, ಮೊದಲ ಆರು ತಿಂಗಳಂತೂ ಮಾಡ್ಲೇಬಾರ್ದು. ಎರಡು ಸಾಲು ಬರೆಯೋಕೆ ಪ್ರಿಸೆಪ್ಟರ್‌ಗಳಿಗೆ ಟೈಮಿಲ್ಲ ಅಂತ ಈಗಾಗ್ಲೇ ಆಕ್ಷೇಪ ಬಂದಿದೆ, ವಾಯ್ಸ್ ನೋಟ್ ಕಳಿಸಿದ್ರೂ ನಡಿಯತ್ತೆ ಅಂತ ಹೇಳಿದೀನಿ.